ಡಾಕ್ಟರ್ ಒಟ್ಟೊ ಲೋವಿಯವರ ಜೀವನ ಚರಿತ್ರೆ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಒಬ್ಬ ವೈದ್ಯ ವಿಜ್ಞಾನಿಯ ಚರಿತ್ರೆಯನ್ನು ತಿಳಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ. ಇವರ ಹೆಸರು ಲೋಕದ ವೈದ್ಯ ವಿದ್ಯಾಲಯಗಳಲ್ಲೆಲ್ಲಾ ಪ್ರಸಿದ್ಧವಾಗಿದ್ದರೂ ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗಳಲ್ಲಿ ಅದನ್ನು ಕೇಳಿದವರು ವಿರಳ. ಆದರೂ ಇವರು ಕಂಡುಹಿಡಿದ ಸಂಗತಿಯು ನಮ್ಮಲ್ಲಿ ಪ್ರತಿಯೊಬ್ಬರ ಎದೆಯೊಳಗೂ ಹಗಲಿರುಳು ನಡೆಯುತ್ತಲೇ ಇದೆ. ನಮ್ಮ ಹೊಲತೋಟಗಳಲ್ಲಿ ಸಂಭವಿಸುವ ಒಂದು ಘೋರವಾದ ಅಪಾಯದಿಂದ ಪ್ರಾಣವನ್ನುಳಿಸುವ ಚಿಕಿತ್ಸೆಯ ಮರ್ಮವೂ ಅದರಲ್ಲಿಯೇ ಅಡಗಿದೆ. ಆದಕಾರಣ ತಾಯಿತಂದೆಗಳು ಇದನ್ನು ಕಡೆಯವರೆಗೆ ಓದಬೇಕೆಂದು ಕೋರುತ್ತೇವೆ.

ಬಾಲ್ಯವೂ ವಿದ್ಯಾಭ್ಯಾಸವೂ

ಒಟ್ಟೊ ಲೋವಿಯವರು 1873ನೆಯ ಇಸವಿ ಜೂನ್ ತಿಂಗಳು 3ನೆಯ ತಾರೀಖಿನಲ್ಲಿ ಜರ್ಮನಿ ದೇಶದ ಫ್ರಾಂಕ್‌ಫರ್ಟ್ ಪಟ್ಟಣದ ಒಂದು ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದರು. ತಂದೆಯಾದ ಯಾಕೋಬ್ ಲೋವಿಯವರು ದ್ರಾಕ್ಷಾರಸದ ವರ್ತಕರು. ತಾಯಿಯ ಹೆಸರು ಅನ್ನಾ. ಪಾಠಶಾಲೆಯಲ್ಲಿ ಬಾಲಕನಿಗೆ ಭಾಷೆಗಳಲ್ಲಿ ಬಹಳ ಆಸಕ್ತಿ. ಗಣಿತ ಭೌತಶಾಸ್ತ್ರಗಳಲ್ಲಿ ಅಷ್ಟಕ್ಕಷ್ಟೇ. ಹಳೆಯ ಚಿತ್ರಗಳೆಂದರೆ ಅವನಿಗೆ ಪ್ರಾಣ. ಮುಂದೆ ಕಲೆಯ ಇತಿಹಾಸವನ್ನು ಓದಿ ಅದರಲ್ಲಿಯೇ ಜೀವಮಾನವನ್ನು ಕಳೆಯಬೇಕೆಂಬುದು ಅವನ ಇಷ್ಟವಾಗಿತ್ತು. ಮನೆಯವರಾದರೋ ಅದರಿಂದ ಜೀವನೋಪಾಯವು ದೊರೆಯದೆಂದು ಶಂಕಿಸಿ ವೈದ್ಯಶಾಸ್ತ್ರವನ್ನು ಓದುವಂತೆ ಪ್ರೇರೇಪಿಸಿದರು. ಮಗನು ಒಪ್ಪಿ 1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಸೇರಿದನು.

ಅಲ್ಲಿಯೂ ಮನಸ್ಸು ಮೊದಮೊದಲು ವೈದ್ಯಪಾಠದಲ್ಲಿ ನಿಲ್ಲಲಿಲ್ಲ. ತನ್ನ ತರಗತಿಗಳನ್ನು ಬಿಟ್ಟು ತತ್ತ್ವಶಾಸ್ತ್ರದ ಮತ್ತು ಶಿಲ್ಪಕಲೆಯ ಉಪನ್ಯಾಸಗಳಿಗೆ ಹೋಗಿ ಕುಳಿತುಕೊಳ್ಳುತ್ತಿದ್ದುದರಿಂದ ಮೊದಲನೆಯ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದುದೇ ಪ್ರಯಾಸದಿಂದ. ಅನಂತರ ಒಳ್ಳೆಯ ಗುರುಗಳ ಪಾಠವನ್ನು ಕೇಳಿ ವಿದ್ಯೆಯ ರುಚಿ ಹತ್ತಿತು. 1896ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆ ಪದವಿಗಾಗಿ ಅವರು ಬರೆದ ಪ್ರಬಂಧವು ಕಪ್ಪೆಯ ಹೃದಯದ ಮೇಲೆ ಔಷಧಗಳು ಮಾಡುವ ಪರಿಣಾಮವನ್ನು ಕುರಿತದ್ದು. ಈ ಕಪ್ಪೆಯ ಹೃದಯವು ಇಪ್ಪತ್ತೈದು ವರ್ಷಗಳ ಮೇಲೆ ಅವರಿಗೆ ಮತ್ತೆ ಉಪಯೋಗಕ್ಕೆ ಬಂದ ರೀತಿಯನ್ನು ಮುಂದೆ ಕಾಣುವೆವು.

ವೈದ್ಯರು ಸಂಶೋಧಕರಾದುದು

ಪದವಿ ಬಂದ ಮೇಲೆ ಲೋವಿಯವರು ಫ್ರಾಂಕ್‌ಫರ್ಟ್ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಕ್ಷಯರೋಗ ಮತ್ತು ನ್ಯುಮೋನಿಯಾ ರೋಗಗಳಿಂದ ನರಳುವವರ ಕೊಠಡಿಗಳು ಅವರ ವಶದಲ್ಲಿದ್ದವು. ಆ ಕಾಲದಲ್ಲಿ ಈ ರೋಗಗಳಿಗೆ ತಕ್ಕ ಔಷಧವೇ ಇರಲಿಲ್ಲ. ದಿನದಿನವೂ ರೋಗಿಗಳು ತಮ್ಮ ಕಣ್ಣೆದುರಿನಲ್ಲಿ ಸಾಯುವುದನ್ನು ನೋಡುತ್ತಾ ಏನೂ ಮಾಡಲಾರದೆ ನಿಲ್ಲಬೇಕಾಯಿತು. ಇದನ್ನು ಸಹಿಸಲಾರದೆ ಅವರು ಆಸ್ಪತ್ರೆಯ ಕೆಲಸವನ್ನು ಬಿಟ್ಟು, ಶರೀರದಲ್ಲಿ ಔಷಧಗಳು ಕೆಲಸ ಮಾಡುವ ಬಗೆಯನ್ನು ಶೋಧಿಸುವ ಔಷಧಶಾಸ್ತ್ರಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

1898ರಿಂದ ಮಾರ್ಬುರ್ಗ್ ಪಟ್ಟಣದಲ್ಲಿ ಪ್ರೊಫೆಸರ್ ಹಾನ್ಸ್ ಹಾರ್ಸ್ಟ್ ಮೇಯರರ ಕೈಕೆಳಗೆ ದುಡಿದರು. ಪ್ರಾಣಿಗಳ ಶರೀರವು ಪೂರ್ಣವಾಗಿ ಜೀರ್ಣವಾಗಿ ಒಡೆದುಹೋದ ಮಾಂಸಸತ್ವದ ತುಣುಕುಗಳಿಂದಲೇ ತನಗೆ ಬೇಕಾದ ಮಾಂಸಸತ್ವವನ್ನು ಪುನಃ ಕಟ್ಟಿಕೊಳ್ಳಬಲ್ಲದೆಂದು 1902ರಲ್ಲಿ ತೋರಿಸಿಕೊಟ್ಟರು. ಅನಂತರ ಕೆಲವು ತಿಂಗಳು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಶರೀರಶಾಸ್ತ್ರಜ್ಞರ ಪರಿಚಯವನ್ನು ಸಂಪಾದಿಸಿದರು. ಅವರಲ್ಲಿ ಹೆನ್ರಿ ಡೇಲ್ ಎಂಬವರು ಜೀವಮಾನದ ಮಿತ್ರರಾದರು. 1908ರಲ್ಲಿ ಗೀಡಾ ಗೋಲ್ಡ್‌ಷ್ಮೀಟ್ ಎಂಬಾಕೆಯನ್ನು ವಿವಾಹವಾದರು. ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ಜನಿಸಿದರು. 1909ರಲ್ಲಿ ಆಸ್ಟ್ರಿಯಾ ದೇಶದ ಗ್ರಾತ್ಸ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರೊಫೆಸರರಾಗಿ ನೇಮಕವಾಗಿ, ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿಯೇ ಬೋಧಿಸಿದರು.

ಆ ಕಾಲದ ಪ್ರಶ್ನೆ

ಲೋವಿಯವರ ಮುಖ್ಯ ಕಾರ್ಯವನ್ನು ತಿಳಿಯಬೇಕಾದರೆ ಹೃದಯದ ವಿಷಯವನ್ನು ಸ್ವಲ್ಪ ತಿಳಿದಿರಬೇಕು. ಹೃದಯವು ತಾನಾಗಿಯೇ ಬಡಿಯತಕ್ಕ ಯಂತ್ರ. ನರಗಳ ಸಂಬಂಧವೆಲ್ಲಾ ತಪ್ಪಿದರೂ ಪ್ರಾಯಸ್ಥರ ಹೃದಯವು ನಿಮಿಷಕ್ಕೆ ಸುಮಾರು 100 ಸಾರಿ ಬಡಿಯುವುದು. ಆದರೆ ನಾವು ಸುಮ್ಮನೆ ಕುಳಿತು ನಾಡಿಯನ್ನೆಣಿಸಿದರೆ ಸಾಮಾನ್ಯವಾಗಿ 70ರ ಆಸುಪಾಸಿನಲ್ಲಿರುವುದು. ಹಾಗಾದರೆ ಯಾವುದೋ ಒಂದು ಶಕ್ತಿಯು ಅದನ್ನು ಸದಾ ಹಿಡಿದು ನಡಿಸುತ್ತಿದೆ ಎಂದಾಯಿತಷ್ಟೆ. ಅಜ್ಜಂಪುರದ ಅಮೃತಮಹಲ್ ಹೋರಿಯನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ. ಓಡುವ ಬಲವು ಹೋರಿಯದೇ. ಅದನ್ನು ಹದದಲ್ಲಿಡುವುದು ಮೂಗುದಾರ. ಹೃದಯದ ಮೂಗುದಾರವು ವೇಗಸ್ ಎಂಬ ನರ. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಇದು ಹತ್ತನೆಯದು. ಕುತ್ತಿಗೆಯ ಮೂಲಕ ಇಳಿದು ಹೃದಯ, ಶ್ವಾಸಕೋಶ, ಜಠರಗಳವರೆಗೂ ಅಲೆಯುವುದರಿಂದ ಅದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ ಎಂಬರ್ಥದ ಹೆಸರು ಬಂತು. ಈ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯವು ನಿಧಾನವಾಗಿ ನಿಂತೇಹೋಗುವುದೆಂದು ವೆಬರ್ ಸಹೋದರರು 1845ರಷ್ಟು ಹಿಂದೆಯೇ ತೋರಿಸಿದ್ದರು.

ಆದರೆ ನರದ ಕಟ್ಟಳೆಯು ಹೃದಯದ ಮಾಂಸಖಂಡಕ್ಕೆ ಮುಟ್ಟುವ ಬಗೆ ಹೇಗೆ? ನರವು ತಂತಿಯಂತೆ ವಿದ್ಯುತ್ತನ್ನು ಸಾಗಿಸುತ್ತದೆ. ಆ ವಿದ್ಯುತ್ತೇ ಕೊನೆಯಲ್ಲಿ ಹೃದಯದೊಳಕ್ಕೆ ಹಾರುತ್ತದೆ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯವಾಗಿತ್ತು. ಹಿಂದೆ ತಂತಿ ಸಮಾಚಾರವಿದ್ದ ಕಾಲವನ್ನು ಹಿರಿಯ ವಾಚಕರು ಜ್ಞಾಪಿಸಿಕೊಳ್ಳಲಿ. ಬೆಂಗಳೂರಿನಿಂದ ಹೊರಟ ಸುದ್ದಿಯು ಕಡೂರಿನ ತಂತಿ ಕಚೇರಿಯವರೆಗೆ ತಂತಿಯಲ್ಲಿ ಬರುತ್ತಿತ್ತು; ಅಲ್ಲಿಂದ ಮನೆಯ ಬಾಗಿಲಿಗೆ ಅದನ್ನು ಕಾಗದದಲ್ಲಿ ಬರೆದು ಆಳಿನ ಕೈಯಲ್ಲಿ ಕಳುಹಿಸುತ್ತಿದ್ದರು. ನರದ ತುದಿಯಲ್ಲಿಯೂ ಅಂಥ ಒಬ್ಬ ಆಳಿರುವನೋ, ಅಂದರೆ ಸುದ್ದಿಯನ್ನು ಕೊಂಡೊಯ್ಯುವ ಒಂದು ರಾಸಾಯನಿಕ ವಸ್ತುವಿರುವುದೋ ಎಂಬ ಆಲೋಚನೆ 1903ರಲ್ಲಿಯೇ ಲೋವಿಯವರಿಗೆ ಬಂದಿತ್ತು. ಆದರೆ ಪರೀಕ್ಷಿಸುವ ಮಾರ್ಗ ಕಾಣದೆ ಅದು ಮರೆತುಹೋಯಿತು.

ಎರಡು ರಾತ್ರಿಗಳು

ಸುಮಾರು ಹದಿನೇಳು ವರ್ಷಗಳು ಕಳೆದವು. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ನಿದ್ರೆಯಲ್ಲಿದ್ದ ಲೋವಿಯವರಿಗೆ ಪ್ರಯೋಗವೊಂದರ ಕ್ರಮವು ಹೊಳೆಯಿತು. ಎದ್ದು ದೀಪ ಹಚ್ಚಿ, ಸಣ್ಣ ಕಾಗದದ ಚೂರಿನ ಮೇಲೆ ಏನನ್ನೋ ಗೀಚಿಟ್ಟು ಮತ್ತೆ ಮಲಗಿಕೊಂಡರು. ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ಬರಹವನ್ನು ತಾವೇ ಓದಲಾರರು. ವಿಷಯವೂ ನೆನಪಿಗೆ ಬಾರದು. ಆ ದಿನವೆಲ್ಲಾ ಕಳವಳದಲ್ಲಿ ಕಳೆಯಿತು. ಮರುದಿನ ರಾತ್ರಿ ಮೂರು ಘಂಟೆಗೆ ಅದೇ ಆಲೋಚನೆಯು ಮರಳಿ ಬಂತು. ಈ ಸಾರಿ ಅವರು ಕಾಗದವನ್ನು ನಂಬಲಿಲ್ಲ. ಆಗಲೇ ಎದ್ದು ಪ್ರಯೋಗಶಾಲೆಗೆ ನಡೆದರು.

ಪ್ರಯೋಗವು ಬಹು ಸರಳವಾದದ್ದು. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಅವು ಬಡಿಯುತ್ತಿರುವಂತೆ ಉಪ್ಪು ಮೊದಲಾದ ಲವಣಗಳು ಬೆರೆತ ದ್ರವವನ್ನು ಅವುಗಳಲ್ಲಿ ತುಂಬಿದರು. ಮೊದಲನೆಯದಕ್ಕೆ ವೇಗಸ್ ನರವನ್ನು ಸೇರಿಸಿಯೇ ಇಟ್ಟಿದ್ದರು, ಎರಡನೆಯದಕ್ಕೆ ನರವಿರಲಿಲ್ಲ. ಮೊದಲನೆಯದರ ನರವನ್ನು ಕೆಲವು ನಿಮಿಷಗಳ ಕಾಲ ವಿದ್ಯುತ್ತಿನಿಂದ ಕೆರಳಿಸಲು ಹೃದಯವು ನಿಧಾನವಾಯಿತು. ಬಳಿಕ ಅದರೊಳಗಿದ್ದ ದ್ರವವನ್ನು ಎಳೆದು ಎರಡನೆಯ ಹೃದಯಕ್ಕೆ ಹಾಕಿದರು. ಆಶ್ಚರ್ಯವೇನೆಂದರೆ, ಯಾವ ನರದ ಸೋಂಕೂ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು! ಹೃದಯವನ್ನು ಚುರುಕುಗೊಳಿಸುವ ನರವನ್ನು ಕೆರಳಿಸಿ ಹಾಗೆಯೇ ಮಾಡಿದಾಗ ಎರಡನೆಯದೂ ಚುರುಕಾಯಿತು. ಎರಡು ಹೃದಯಗಳ ನಡುವೆ ಹೋದದ್ದು ನೀರು ಮಾತ್ರ. ಹಾಗಾದರೆ ಸುದ್ದಿಯನ್ನು ಕೊಂಡೊಯ್ದದ್ದು ಆ ನೀರಿನಲ್ಲಿ ಕರಗಿದ್ದ ವಸ್ತುವೇ ಹೊರತು ವಿದ್ಯುತ್ತಲ್ಲವೆಂದು ಸ್ಥಿರವಾಯಿತು. 1921ರಲ್ಲಿ ಈ ಪ್ರಯೋಗದ ವರದಿಯನ್ನು ಪ್ರಕಟಿಸಿ, ಆ ವಸ್ತುವನ್ನು ವೇಗಸ್ ನರದ ವಸ್ತು ಎಂದಷ್ಟೇ ಕರೆದರು.

ಹಗಲಿನಲ್ಲಿ ಕುಳಿತು ಯೋಚಿಸಿದ್ದರೆ ಈ ಪ್ರಯೋಗಕ್ಕೆ ತಾವು ಕೈಯಿಡುತ್ತಲೇ ಇರಲಿಲ್ಲವೆಂದು ಲೋವಿಯವರು ಮುಂದೆ ಹೇಳಿಕೊಂಡರು. ಯಾಕಂದರೆ ನರವು ಒಂದು ವೇಳೆ ವಸ್ತುವನ್ನು ಸುರಿಸಿದರೂ ಅದು ಹೃದಯಕ್ಕೆ ಬೇಕಾದಷ್ಟು ಮಾತ್ರ ಇರುವುದೇ ಹೊರತು ಹೊರಗಿನ ದ್ರವಕ್ಕೆ ಚೆಲ್ಲುವಷ್ಟು ಉಳಿಯದೆಂದು ಬುದ್ಧಿಯು ಆಕ್ಷೇಪಿಸುತ್ತಿತ್ತು. ಆದರೆ ಕನಸು ತಾನೇ ಎಲ್ಲವನ್ನೂ ಮಾಡಿತೆಂದು ನಮ್ಮ ಮಕ್ಕಳು ತಿಳಿಯಬಾರದು. ಕಪ್ಪೆಯ ಹೃದಯವನ್ನು ಬಡಿಯುವಂತೆ ಇಡುವ ಕೈಚಳಕವನ್ನು ಅವರು ಯೌವನದಲ್ಲಿಯೇ ಕಲಿತಿದ್ದರು. ಕಲಿತ ಕೈಗೆ ಮಾತ್ರ ಇಂಥ ರಾತ್ರಿಯು ಪ್ರಯೋಜನಕ್ಕೆ ಬರುತ್ತದೆ.

ಸಂದೇಹವೂ ಸಮ್ಮಾನವೂ

ಇತರರು ಈ ಪ್ರಯೋಗವನ್ನು ಮಾಡಿನೋಡಿದಾಗ ಕೆಲವರಿಗೆ ಅದೇ ಫಲವು ದೊರೆಯಲಿಲ್ಲ. ಆ ವಸ್ತುವು ಹುಟ್ಟಿದಷ್ಟು ಬೇಗನೆ ನಾಶವಾಗುವುದೇ ಇದಕ್ಕೆ ಒಂದು ಕಾರಣ. ಲೋವಿಯವರು ಕೋಪಿಸಿಕೊಳ್ಳದೆ, 1926ರಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ಕೂಡಿದ ಶರೀರಶಾಸ್ತ್ರಜ್ಞರ ಮಹಾಸಭೆಯಲ್ಲಿ ಎಲ್ಲರೆದುರಿಗೆ 18 ಸಾರಿ ಅದನ್ನು ಮಾಡಿ ತೋರಿಸಿದರು. ಅದೇ ವರ್ಷ ನವ್ರಾಟಿಲ್ ಎಂಬ ಸಹೋದ್ಯೋಗಿಯೊಡನೆ ಮತ್ತೊಂದು ಸಂಗತಿಯನ್ನು ಹೊರಗೆಡವಿದರು. ಹೃದಯದಲ್ಲಿರುವ ಒಂದು ಕಿಣ್ವವು ಈ ವಸ್ತುವನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುತ್ತದೆ. ಫೈಸೊಸ್ಟಿಗ್ಮೀನ್ ಎಂಬ ಔಷಧವು ಆ ಕಿಣ್ವವನ್ನು ತಡೆದು ವಸ್ತುವಿನ ಬಲವನ್ನು ಹೆಚ್ಚಿಸುತ್ತದೆ ಎಂಬುದೇ ಅದು. ಆ ವಸ್ತುವು ಅಸಿಟೈಲ್‌ಕೋಲಿನ್ ಎಂಬುದು ಕ್ರಮೇಣ ನಿಶ್ಚಯವಾಯಿತು. ಅದರ ಗುಣಗಳನ್ನು 1914ರಲ್ಲಿಯೇ ಶೋಧಿಸಿದ್ದ ಹೆನ್ರಿ ಡೇಲರು, ಅದು ಪ್ರಾಣಿಗಳ ಶರೀರದಲ್ಲಿ ಸಹಜವಾಗಿಯೇ ಇರುವುದೆಂದು 1929ರಲ್ಲಿ ಡಡ್ಲಿಯವರೊಡನೆ ತೋರಿಸಿದರು. ಈ ಇಬ್ಬರು ಮಿತ್ರರಿಗೂ ಸೇರಿ 1936ನೆಯ ಇಸವಿಯ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಸೆರೆಯೂ ದೇಶಾಂತರವೂ

ಆ ಸಂತೋಷವು ಎರಡು ವರ್ಷವೂ ನಿಲ್ಲಲಿಲ್ಲ. 1938ರ ಮಾರ್ಚಿಯಲ್ಲಿ ನಾಜಿ ಪಕ್ಷದವರು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ರಾತ್ರಿಯೇ ಆಯುಧಧಾರಿಗಳಾದ ತರುಣರು ಲೋವಿಯವರ ಮಲಗುವ ಮನೆಗೆ ನುಗ್ಗಿ, 64 ವರ್ಷದ ಆ ವೃದ್ಧರನ್ನು ಸೆರೆಮನೆಗೆ ಎಳೆದೊಯ್ದರು. ಕಿರಿಯ ಮಕ್ಕಳಿಬ್ಬರೂ ಸೆರೆಯಾದರು. ಯೆಹೂದ್ಯರಾಗಿ ಹುಟ್ಟಿದ್ದೊಂದೇ ಅವರ ಅಪರಾಧ. ತಮ್ಮನ್ನು ಕೊಂದೇಬಿಡುವರೆಂದು ಎಣಿಸಿದ ಲೋವಿಯವರಿಗೆ ಪ್ರಾಣಕ್ಕಿಂತ ಹೆಚ್ಚಾಗಿ ಬಾಧಿಸಿದ್ದು, ತಾವು ಆಗ ಮಾಡಿ ಮುಗಿಸಿದ್ದ ಪ್ರಯೋಗಗಳ ಫಲವು ಲೋಕಕ್ಕೆ ತಿಳಿಯದೆ ಹೋದೀತೆಂಬ ಚಿಂತೆ. ಕಾವಲುಗಾರನನ್ನು ಬೇಡಿ ಒಂದು ಅಂಚೆ ಕಾರ್ಡನ್ನು ತರಿಸಿಕೊಂಡು, ಅದರ ಮೇಲೆಯೇ ಸಂಶೋಧನೆಯ ಸಾರಾಂಶವನ್ನು ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳುಹಿಸಿದ ಮೇಲೆ ಅವರ ಮನಸ್ಸಿಗೆ ಶಾಂತಿಯುಂಟಾಯಿತು.

ಸುಮಾರು ಎರಡು ತಿಂಗಳ ಮೇಲೆ ಬಿಡುಗಡೆಯಾಯಿತು. ಆದರೆ ದೇಶವನ್ನು ಬಿಡಬೇಕಾದರೆ ಸ್ಟಾಕ್‌ಹೋಮಿನ ಬ್ಯಾಂಕಿನಲ್ಲಿದ್ದ ನೊಬೆಲ್ ಪಾರಿತೋಷಕದ ಹಣವನ್ನು ನಾಜಿಗಳ ಕೈಕೆಳಗಿನ ಬ್ಯಾಂಕಿಗೆ ವರ್ಗಾಯಿಸಬೇಕೆಂದು ನಿರ್ಬಂಧಿಸಿದರು. ಅದನ್ನೂ ಕೊಟ್ಟು, ಬರಿಗೈಯಲ್ಲಿ ಆ ವರ್ಷದ ಸೆಪ್ಟೆಂಬರಿನಲ್ಲಿ ಲಂಡನಿಗೆ ಹೊರಟರು. ಪತ್ನಿಯನ್ನು ಹಿಂದೆಯೇ ತಡೆಹಿಡಿದಿದ್ದರು. ಬ್ರಸೆಲ್ಸ್, ಆಕ್ಸ್‌ಫರ್ಡ್‌ಗಳಲ್ಲಿ ಕೆಲವು ಕಾಲವಿದ್ದು, 1940ರಲ್ಲಿ ಅಮೆರಿಕಾವನ್ನು ಸೇರಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯ ಕಾಲೇಜಿನಲ್ಲಿ ಸಂಶೋಧನಾ ಪ್ರೊಫೆಸರರಾದರು. ಪತ್ನಿಯು ಬಂದು ಕೂಡಿಕೊಂಡದ್ದು 1941ರಲ್ಲಿ. ಅಲ್ಲಿಯೂ ತರುಣರಿಗೆ ಪಾಠ ಹೇಳುತ್ತಾ, ಸಂಗೀತ ಚಿತ್ರಕಲೆಗಳಲ್ಲಿ ಆನಂದಪಡುತ್ತಾ ವೃದ್ಧಾಪ್ಯವನ್ನು ಕಳೆದರು. 1961ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನದಲ್ಲಿ, ತಮ್ಮ 88ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಮೆದುಳಿನ ಕಾಂಡದ ನೀರುಗಂಟಿ

ಲೋವಿಯವರು ತೆರೆದ ಬಾಗಿಲಿನಲ್ಲಿ ಮುಂದಿನ ವಿದ್ವಾಂಸರು ಒಳಹೊಕ್ಕು, ವೇಗಸ್ ನರಕ್ಕೆ ಅಪ್ಪಣೆಯು ಎಲ್ಲಿಂದ ಬರುವುದೆಂದು ಶೋಧಿಸಿದರು. ಮೆದುಳಿನ ಬುಡದಲ್ಲಿ, ಅದು ಬೆನ್ನುಹುರಿಯೊಡನೆ ಕೂಡುವಲ್ಲಿ, ಮೆದುಳಿನ ಕಾಂಡವಿದೆ. ಅದರ ಕೆಳಭಾಗವನ್ನೇ ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಮಣಿಶಿರವೆಂದು ಓದುವರು. ಇದರ ಕೆಲಸವನ್ನು ಕೆರೆಯ ನೀರುಗಂಟಿಯ ಕೆಲಸಕ್ಕೆ ಹೋಲಿಸಬಹುದು. ಅಯ್ಯನಕೆರೆಯಂಥ, ಮದಗದ ಕೆರೆಯಂಥ ದೊಡ್ಡ ಕೆರೆಗಳಲ್ಲಿ ನೀರಿನ ಮಟ್ಟವನ್ನು ನೋಡಿಕೊಂಡು ತೂಬನ್ನು ತೆರೆಯುವ ಇಲ್ಲವೆ ಮುಚ್ಚುವ ಆಳು ಇರಬೇಕಷ್ಟೆ. ಹಾಗೆಯೇ ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿಯೂ ಹೃದಯದ ಮೇಲಣ ಮಹಾಧಮನಿಯಲ್ಲಿಯೂ ರಕ್ತದ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಹೆಚ್ಚಿದರೆ ಅವು ಮಣಿಶಿರಕ್ಕೆ ಸುದ್ದಿ ಕೊಡುವುವು. ಅಲ್ಲಿಯೂ ಒಂದು ನರಕೋಶವು ಮತ್ತೊಂದಕ್ಕೆ ಮಾತನ್ನು ಮುಟ್ಟಿಸುವುದು ರಾಸಾಯನಿಕ ವಸ್ತುಗಳಿಂದಲೇ. ಗ್ಲುಟಮೇಟ್ ಎಂಬುದು ಮುಂದಿನ ಕೋಶವನ್ನು ಎಬ್ಬಿಸುತ್ತದೆ. ಗಾಬಾ ಎಂಬುದು ಸುಮ್ಮನಾಗಿಸುತ್ತದೆ. ಹೀಗೆ ವೇಗಸ್ ನರದ ಮೂಲಕೋಶಗಳು ಎಚ್ಚತ್ತು, ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಸುರಿದು, ಹೃದಯವು ನಿಧಾನವಾಗುತ್ತದೆ. ಒತ್ತಡ ಇಳಿದರೆ ಹಿಡಿತವು ಸಡಿಲವಾಗಿ ಹೃದಯವು ಚುರುಕಾಗುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ ದೀರ್ಘವಾಗಿ ಉಸಿರಾಡಿರಿ. ಉಸಿರನ್ನು ಒಳಗೆಳೆಯುವಾಗ ನಾಡಿಯು ತುಸು ಚುರುಕಾಗುವುದೂ ಹೊರಬಿಡುವಾಗ ನಿಧಾನವಾಗುವುದೂ ತಿಳಿಯುವುದು. ಎಳೆಯರಲ್ಲಿ ಇದು ಸ್ಪಷ್ಟ. ಇದು ರೋಗವಲ್ಲ, ಮಣಿಶಿರವು ಉಸಿರಿಗೂ ಹೃದಯಕ್ಕೂ ಹೊಂದಿಸಿ ನಡಿಸುವ ಗುರುತು.

ನಮ್ಮ ಮನೆಗಳಿಗೆ ಆಗುವ ಪ್ರಯೋಜನ

ಈ ಜ್ಞಾನದಿಂದ ನಮಗೇನು ಪ್ರಯೋಜನವೆಂದು ಕೇಳುವವರಿಗೆ ಮೂರು ಸಂಗತಿಗಳನ್ನು ತಿಳಿಸುತ್ತೇವೆ.

ಮೊದಲನೆಯದು, ಪ್ರಾರ್ಥನೆಯ ಹೊತ್ತಿನಲ್ಲಿ ಬಹಳ ಹೊತ್ತು ನಿಂತ ಹುಡುಗಿಯೂ ರಕ್ತವನ್ನು ನೋಡಿ ಹೆದರಿದ ಹುಡುಗಿಯೂ ಬವಳಿ ಬಂದು ಬೀಳುವುದುಂಟು. ಬಹುಪಾಲು ಇದು ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ. ವೇಗಸ್ ನರವು ಮೂಗುದಾರವನ್ನು ಒಮ್ಮೆಗೇ ಜಗ್ಗಿದ್ದರಿಂದ ಹೃದಯವು ನಿಧಾನವಾಗಿ, ರಕ್ತನಾಳಗಳು ಸಡಿಲವಾಗಿ, ಮೆದುಳಿಗೆ ರಕ್ತವು ಸಾಲದೆ ಹೋದದ್ದು. ಅವಳನ್ನು ಎತ್ತಿ ಕೂರಿಸದೆ ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತರಿಸಿ ಹಿಡಿದರೆ ಸಾಧಾರಣವಾಗಿ ಬೇಗನೆ ಚೇತರಿಸಿಕೊಳ್ಳುವಳು. ಪದೇ ಪದೇ ಹೀಗಾದರೆ, ಇಲ್ಲವೆ ಓಡುವಾಗ ಬಿದ್ದರೆ, ವೈದ್ಯರಿಗೆ ತೋರಿಸಲೇಬೇಕು.

ಎರಡನೆಯದು, ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿಯ ಗಿಡ. ಇದರಲ್ಲಿ ಅಟ್ರೋಪಿನ್ ಮೊದಲಾದ ವಿಷಗಳಿವೆ. ಅಟ್ರೋಪಿನ್ ಹೃದಯದಲ್ಲಿ ಅಸಿಟೈಲ್‌ಕೋಲಿನ್ ಕೂರತಕ್ಕ ಸ್ಥಾನವನ್ನು ತಾನೇ ಆಕ್ರಮಿಸುವುದರಿಂದ ಮೂಗುದಾರ ಕಳಚಿದಂತಾಗಿ ಹೃದಯವು ಓಡತೊಡಗುವುದು. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಬುದ್ಧಿ ಭ್ರಮಿಸುವುದು. ಮಕ್ಕಳು ಅದರ ಕಾಯನ್ನೂ ಬೀಜವನ್ನೂ ಮುಟ್ಟದಂತೆ ನೋಡಿಕೊಳ್ಳಬೇಕು.

ಮೂರನೆಯದೇ ಮುಖ್ಯವಾದದ್ದು. ಅಜ್ಜಂಪುರದ ಈರುಳ್ಳಿ ಹೊಲವಾಗಲಿ ತರೀಕೆರೆಯ ತೋಟವಾಗಲಿ, ಬೆಳೆಗೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್ ಎಂಬ ಜಾತಿಯವಿವೆ. ಲೋವಿಯವರು 1926ರಲ್ಲಿ ಕಂಡ ಆ ಕಿಣ್ವವನ್ನೇ ಈ ವಿಷಗಳು ಕಟ್ಟಿಹಾಕುವುವು. ಆಗ ಅಸಿಟೈಲ್‌ಕೋಲಿನ್ ನಾಶವಾಗದೆ ಶರೀರದಲ್ಲೆಲ್ಲಾ ಮಡುಗಟ್ಟಿ, ಜೊಲ್ಲು, ಕಣ್ಣೀರು, ಬೆವರು ಸುರಿದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಅನೇಕರಲ್ಲಿ ಹೃದಯ ಕುಗ್ಗಿ, ಉಸಿರು ಕಟ್ಟುವುದು. ಈ ವಿಷವು ಬಾಯಿಂದ ಮಾತ್ರವಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಸೇರಬಲ್ಲದು. ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಔಷಧವು ಆ ಅಟ್ರೋಪಿನ್ನೇ. ಬೇಲಿಯಲ್ಲಿ ಪ್ರಾಣ ತೆಗೆಯುವ ವಸ್ತುವು ವೈದ್ಯರ ಕೈಯಲ್ಲಿ ಅಳತೆಯರಿತು ಕೊಟ್ಟಾಗ ಪ್ರಾಣವನ್ನುಳಿಸುತ್ತದೆ. ಆದರೆ ಉಮ್ಮತ್ತಿಯನ್ನು ಮನೆಮದ್ದೆಂದು ಯಾರೂ ಎಂದಿಗೂ ಕೊಡಬಾರದು. ಅದರ ಅಳತೆಯು ಮನೆಯಲ್ಲಿ ಯಾರಿಗೂ ತಿಳಿಯತಕ್ಕದ್ದಲ್ಲ. ವಿಷ ತಗಲಿದವರ ಬಟ್ಟೆಯನ್ನು ತೆಗೆದು, ನಮ್ಮ ಕೈಗೆ ವಿಷ ಹತ್ತದಂತೆ ಎಚ್ಚರವಾಗಿದ್ದು, ಮೈಯನ್ನು ಸೋಪು ನೀರಿನಿಂದ ತೊಳೆದು, ವಾಂತಿ ಮಾಡಿಸದೆ, ಔಷಧದ ಸೀಸೆಯನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಎಲ್ಲಕ್ಕೂ ಮೊದಲು, ಆ ಸೀಸೆಗಳನ್ನು ಅಡಿಗೆಮನೆಯಲ್ಲಿಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಎಳೆಯ ಮಗುವಿನ ಕೈಯನ್ನೂ ಒಂದು ಕ್ಷಣದ ದುಃಖದಲ್ಲಿ ವಿವೇಕ ತಪ್ಪಿದವರ ಕೈಯನ್ನೂ ಆ ಬೀಗವೇ ತಡೆಯಬಲ್ಲದು.

ಲೋವಿಯವರ ಚರಿತ್ರೆಯಿಂದ ತಾಯಿತಂದೆಗಳು ಕಲಿಯತಕ್ಕದ್ದೂ ಉಂಟು. ಮಗನ ಇಷ್ಟವನ್ನು ಬಿಡಿಸಿ ವೈದ್ಯಶಾಸ್ತ್ರಕ್ಕೆ ಹಚ್ಚಿದ ಹಿರಿಯರೇ ಗೆದ್ದರೆಂದು ಹೇಳಲು ನಮಗೆ ಮನಸ್ಸಿಲ್ಲ. ಚಿತ್ರಗಳನ್ನು ಪ್ರೀತಿಸಿದ ಆ ಮನಸ್ಸನ್ನು ಅವರು ಸಾಯುವವರೆಗೂ ಬಿಡಲಿಲ್ಲ. ಕಾಣದ ಸಂಗತಿಯನ್ನು ಕಲ್ಪಿಸಿಕೊಳ್ಳುವ ಶಕ್ತಿಯು ಅಂಥ ಮನಸ್ಸಿಗೇ ಬರುವುದು. ನಿಮ್ಮ ಮಗಳಿಗೆ ನೀವು ಆರಿಸಿದ ಓದನ್ನು ಓದಿಸಿದರೂ, ಅವಳು ತಾನಾಗಿ ಪ್ರೀತಿಸಿದ ವಿದ್ಯೆಯನ್ನು ಅವಳಿಂದ ಕಿತ್ತುಕೊಳ್ಳಬೇಡಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ಉಪಾಧ್ಯಾಯಿನಿಯರೂ ಗೃಹಿಣಿಯರೂ ಆಗಿರುವವರು ಬವಳಿ ಬಂದವರನ್ನು ಉಪಚರಿಸುವ ಕ್ರಮವನ್ನೂ ವಿಷದ ಸೀಸೆಗೆ ಬೀಗ ಹಾಕುವ ಪದ್ಧತಿಯನ್ನೂ ತಮ್ಮ ತಮ್ಮ ಊರುಗಳಲ್ಲಿ ಹತ್ತು ಮನೆಗಳಿಗೆ ತಿಳಿಸಿದರೆ, ಕಪ್ಪೆಯ ಹೃದಯದೆದುರು ಒಬ್ಬರೇ ನಿಂತ ಆ ಮಹನೀಯರ ಶ್ರಮವು ನಮ್ಮ ಸೀಮೆಯಲ್ಲಿಯೂ ಫಲಕೊಟ್ಟಂತಾಗುವುದು.